ಮೋಟಾರು ಇಂಜನಿನ ಶಾಖಸೂಚಕಗಳು: ಅವುಗಳನ್ನು ಗುರುತಿಸುವ ಮತ್ತು ಪರೀಕ್ಷಿಸುವ ಕ್ರಮ

ಎತ್ತು ಮೇವು ಬಿಟ್ಟರೆ, ಅದರ ಕಿವಿ ಬಿಸಿಯಾಗಿದ್ದು ಮೂಗಿನ ತುದಿ ಒಣಗಿದ್ದರೆ, ಅದಕ್ಕೆ ಜ್ವರ ಬಂದಿದೆಯೆಂದು ನಮ್ಮ ಒಕ್ಕಲಿಗನು ವೈದ್ಯನಿಗಿಂತ ಮುಂಚೆಯೇ ಅರಿತುಕೊಳ್ಳುತ್ತಾನೆ. ಈಗ ಹಳ್ಳಿಗಳಲ್ಲಿ ಎತ್ತುಗಳ ಕೆಲಸದ ಬಹುಭಾಗವನ್ನು ಟ್ರಾಕ್ಟರು, ಪಿಕಪ್ಪು, ಜೀಪು ಮತ್ತು ಕಾರುಗಳು ವಹಿಸಿಕೊಂಡಿವೆ. ಇವುಗಳ ಇಂಜನಿಗೂ ಜ್ವರ ಬರುವುದುಂಟು. ಆದರೆ ಅದನ್ನು ಕೈಯಿಂದ ಮುಟ್ಟಿ ತಿಳಿಯುವಂತಿಲ್ಲ. ಇಂಜನಿನೊಳಗಿನ ನೀರಿನಲ್ಲಿ ಮುಳುಗಿರುವ, ಹೆಬ್ಬೆರಳಿನಷ್ಟು ಗಾತ್ರದ ಒಂದು ಪುಟ್ಟ ಉಪಕರಣವು ಹೇಳಿದ ಸುದ್ದಿಯನ್ನೇ ನಂಬಬೇಕಾಗಿದೆ. ಆ ಉಪಕರಣವನ್ನು ಗುರುತಿಸುವುದು ಹೇಗೆ, ಅದು ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಎಂದು ಪರೀಕ್ಷಿಸುವುದು ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಸಂಗತಿಯನ್ನು ಹೇಳುವುದು ಉಚಿತ. ಟೊಮ್ಯಾಟೊ ಹೇರಿಕೊಂಡು ರಾತ್ರಿ ಕೋಲಾರದ ಮಾರುಕಟ್ಟೆಗೆ ಹೊರಟಿದ್ದ ಒಂದು ಹಳೆಯ ಪಿಕಪ್ ಗಾಡಿಯಲ್ಲಿ, ದಾರಿಯ ನಡುವೆ ಶಾಖದ ಮುಳ್ಳು ಕೆಂಪು ಗೆರೆಯ ಕಡೆಗೆ ಏರಿತು. ಚಾಲಕನು ನಿಲ್ಲಿಸಬೇಕೆನ್ನುವಷ್ಟರಲ್ಲಿ ಮುಳ್ಳು ತಾನಾಗಿಯೇ ಕೆಳಗಿಳಿಯಿತು. ಇಂಜನು ತಣ್ಣಗಾಯಿತೆಂದು ಸಮಾಧಾನಪಟ್ಟು ಅವನು ಮುಂದೆ ಸಾಗಿದನು. ಎರಡು ಮೂರು ಕಿಲೋಮೀಟರು ಹೋಗುವಷ್ಟರಲ್ಲಿ ಇಂಜನು ಬಿಗಿದು ನಿಂತುಹೋಯಿತು. ಬೆಳಗಿನ ಹರಾಜು ತಪ್ಪಿತು. ಮಾಲು ಹಣ್ಣಾಗಿ ಒಡೆಯಿತು. ಇಂಜನಿನ ಹೆಡ್ಡು ಸೊಟ್ಟಗಾಗಿ ಪಿಸ್ಟನ್ನುಗಳು ಸಿಲಿಂಡರಿಗೆ ಕಚ್ಚಿಕೊಂಡಿದ್ದವು. ಬಿಚ್ಚಿ ನೋಡಿದಾಗ ರೇಡಿಯೇಟರಿನ ಕೆಳಗಿನ ಹೋಸು ಸೀಳಿ, ಇಂಜನಿನಲ್ಲಿ ನೀರೇ ಇರಲಿಲ್ಲ. ಇದಕ್ಕಿಂತ ಹೆಚ್ಚು ವ್ಯಥೆಯ ವಿಷಯವೇನೆಂದರೆ, ಅದಕ್ಕೆ ಹಿಂದಿನ ವಾರವೇ ಮುಳ್ಳು ಮೇಲೇರುತ್ತಿದೆಯೆಂದು ದೂರು ಬಂದಾಗ, ಯಜಮಾನರು ಯಾರೋ ಹೇಳಿದರೆಂದು ಹೊಸ ಸೆನ್ಸರೊಂದನ್ನು ಹಾಕಿಸಿದ್ದರು. ಹಾಕಿಸಿದ್ದು ಕಂಪ್ಯೂಟರಿಗೆ ಸೇರಿದ ಸೆನ್ಸರು. ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರು ಬೇರೆಯೇ ಇತ್ತು. ಅದೂ ಕೆಟ್ಟಿರಲಿಲ್ಲ, ನೀರು ಸೋರುತ್ತಿದೆಯೆಂದು ಅದು ಒಂದು ವಾರದಿಂದ ನಿಜವನ್ನೇ ಹೇಳುತ್ತಿತ್ತು.

ಈ ನಷ್ಟಕ್ಕೆ ಕಾರಣ ಎರಡು. ಒಂದು, ಯಾವ ಸೂಚಕವು ಯಾರಿಗೆ ಸುದ್ದಿ ಕೊಡುತ್ತದೆಂಬುದನ್ನು ತಿಳಿಯದೆ ಹಣ ಸುರಿದದ್ದು. ಎರಡು, ಸೂಚಕವು ನೀರಿನ ಶಾಖವನ್ನು ಮಾತ್ರ ಹೇಳಬಲ್ಲದು, ನೀರಿಲ್ಲದಾಗ ಅದರ ಮಾತಿಗೆ ಬೆಲೆಯಿಲ್ಲವೆಂಬುದನ್ನು ಅರಿಯದೆ ಅದನ್ನು ನಂಬಿದ್ದು. ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ವಿಷಯಗಳನ್ನು ಓದಬೇಕಾಗಿ ಪ್ರಾರ್ಥನೆ.

1. ಇಂಜನಿನ ಶಾಖ ಮತ್ತು ಅದನ್ನು ಹಿಡಿತದಲ್ಲಿಡುವ ಕ್ರಮ

ಇಂಜನಿನಲ್ಲಿ ಉರಿಯುವ ಎಣ್ಣೆಯ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಗಾಡಿಯನ್ನು ಎಳೆಯಲು ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ. ಉಳಿದ ಪಾಲಿನ ಬಹುಭಾಗವನ್ನು ಇಂಜನಿನ ಸುತ್ತ ಹರಿಯುವ ನೀರು ಹೊತ್ತುಕೊಂಡು ಹೋಗಿ ರೇಡಿಯೇಟರಿನಲ್ಲಿ ಗಾಳಿಗೆ ಬಿಡುತ್ತದೆ. ಈ ನೀರಿಗೆ ಗ್ಲೈಕಾಲ್ ಎಂಬ ದ್ರವವನ್ನೂ ತುಕ್ಕು ತಡೆಯುವ ಮದ್ದುಗಳನ್ನೂ ಸೇರಿಸಿದರೆ ಅದಕ್ಕೆ ಕೂಲೆಂಟ್ ಎಂದು ಹೆಸರು.

ಇಂಜನು ತೀರ ತಣ್ಣಗಿರುವುದೂ ಒಳ್ಳೆಯದಲ್ಲ. ಆಗ ಎಣ್ಣೆ ಸರಿಯಾಗಿ ಉರಿಯದು, ಸವೆತವೂ ಹೆಚ್ಚು. ಆದುದರಿಂದ ಥರ್ಮೋಸ್ಟಾಟ್ ಎಂಬ ಮೇಣದ ಕವಾಟವು, ನೀರು ಸುಮಾರು 80 ರಿಂದ 90 ಡಿಗ್ರಿ ಸೆಂಟಿಗ್ರೇಡಿಗೆ ಬರುವವರೆಗೂ ರೇಡಿಯೇಟರಿನ ದಾರಿಯನ್ನು ಮುಚ್ಚಿಕೊಂಡಿದ್ದು ಅನಂತರ ತೆರೆದುಕೊಳ್ಳುತ್ತದೆ. ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ಹೆಚ್ಚಿಸಿ ನೀರು ಕುದಿಯದಂತೆ ತಡೆಯುತ್ತದೆ. ಗಾಳಿಯ ಸಾಮಾನ್ಯ ಒತ್ತಡಕ್ಕಿಂತ ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿ ಬರಿಯ ನೀರೂ ಸಹ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ.

ಬಿಸಿ ಇಂಜನಿನ ಮುಚ್ಚಳವನ್ನು ತೆಗೆಯಕೂಡದೆನ್ನುವುದು ಇದಕ್ಕಾಗಿಯೇ. ಮುಚ್ಚಳ ಸಡಿಲವಾದ ಕ್ಷಣದಲ್ಲಿ ಒತ್ತಡ ಇಳಿದು, 100 ಡಿಗ್ರಿಗಿಂತ ಮೇಲಿದ್ದ ನೀರು ಒಮ್ಮೆಗೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಈ ಲೇಖನದಲ್ಲಿ ಹೇಳುವ ಬಿಚ್ಚುವ ಕೆಲಸಗಳನ್ನೆಲ್ಲ ಇಂಜನು ಪೂರ್ಣವಾಗಿ ತಣಿದ ಮೇಲೆಯೇ ಮಾಡತಕ್ಕದ್ದು.

2. ಸೂಚಕಗಳು ಮೂರು ಬಗೆ

ಮೋಟಾರಿನ ಆರಂಭದ ಕಾಲದಲ್ಲಿ ಶಾಖವನ್ನು ತಿಳಿಸುವ ಸಾಧನವೇ ಇರಲಿಲ್ಲ. ಆವಿ ಎದ್ದಾಗ ಚಾಲಕನು ನಿಲ್ಲಿಸುತ್ತಿದ್ದನು. 1910ರ ದಶಕದಲ್ಲಿ ಅಮೆರಿಕೆಯಲ್ಲಿ ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕವು ಬಳಕೆಗೆ ಬಂದಿತು. ಅದನ್ನು ರೇಡಿಯೇಟರಿನ ಮುಚ್ಚಳದ ಮೇಲೆ ನಿಲ್ಲಿಸಿದ್ದರು. ಚಾಲಕನು ಮುಂಗಾಜಿನ ಮೂಲಕ ಅದನ್ನು ನೋಡುತ್ತಿದ್ದನು. ಅನಂತರ ತೆಳುವಾದ ಕೊಳವೆಯ ಮೂಲಕ ಒತ್ತಡದಿಂದ ನಡೆಯುವ ಮಾಪಕಗಳು ಬಂದವು. ಹಳೆಯ ಟ್ರಾಕ್ಟರುಗಳಲ್ಲಿ ಇವನ್ನು ಈಗಲೂ ಕಾಣಬಹುದು. ಇಂಜನಿನಿಂದ ಮೀಟರಿನವರೆಗೆ ವೈರಿಗೆ ಬದಲಾಗಿ ಲೋಹದ ಸಣ್ಣ ಕೊಳವೆ ಹೋಗಿದ್ದರೆ ಅದು ಈ ಜಾತಿಯದು. ಆ ಕೊಳವೆಯನ್ನು ಕತ್ತರಿಸಿದರೆ ಅಥವಾ ಹೆಚ್ಚಾಗಿ ಬಗ್ಗಿಸಿದರೆ ಮೀಟರು ಪೂರ್ತಿಯಾಗಿ ಕೆಡುತ್ತದೆ. ಅದಕ್ಕೆ ವಿದ್ಯುತ್ತಿನ ಪರೀಕ್ಷೆ ಯಾವುದೂ ಇಲ್ಲ.

ವಿದ್ಯುತ್ತಿನಿಂದ ನಡೆಯುವ ಸೂಚಕಗಳಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು.

ಮೊದಲನೆಯದು, ಮೀಟರಿನ ಮುಳ್ಳಿಗೆ ಸುದ್ದಿ ಕಳುಹಿಸುವ ಸೂಚಕ. ಇದರಲ್ಲಿ ಸಾಮಾನ್ಯವಾಗಿ ಒಂದೇ ವೈರು ಇರುತ್ತದೆ. ವಿದ್ಯುತ್ತು ಹಿಂತಿರುಗುವ ದಾರಿಯು ಸೂಚಕದ ಮರೆಯ ಮೂಲಕ ಇಂಜನಿನ ಮೈಯೇ ಆಗಿರುತ್ತದೆ.

ಎರಡನೆಯದು, ಇಂಜನಿನ ಕಂಪ್ಯೂಟರಿಗೆ ಸುದ್ದಿ ಕಳುಹಿಸುವ ಸೂಚಕ. ಇದರಲ್ಲಿ ಸಾಮಾನ್ಯವಾಗಿ ಎರಡು ವೈರುಗಳು ಇರುತ್ತವೆ. ಎಷ್ಟು ಎಣ್ಣೆ ಚಿಮ್ಮಿಸಬೇಕು, ಫ್ಯಾನನ್ನು ಯಾವಾಗ ತಿರುಗಿಸಬೇಕು, ಡೀಸೆಲ್ ಇಂಜನಾದರೆ ಗ್ಲೋ ಪ್ಲಗ್ಗನ್ನು ಎಷ್ಟು ಹೊತ್ತು ಕಾಯಿಸಬೇಕು ಎಂಬುದನ್ನೆಲ್ಲ ಕಂಪ್ಯೂಟರು ಇದರ ಮಾತಿನ ಮೇಲೆ ನಿರ್ಣಯಿಸುತ್ತದೆ.

ಮೂರನೆಯದು, ಫ್ಯಾನ್ ಸ್ವಿಚ್ಚು. ಇದು ಶಾಖವನ್ನು ಅಳೆಯುವುದಿಲ್ಲ. ಗೊತ್ತಾದ ಶಾಖಕ್ಕೆ, ಬಹುತೇಕ 90 ರಿಂದ 95 ಡಿಗ್ರಿಯ ಸುತ್ತ, ಒಳಗಿನ ಸಂಪರ್ಕವನ್ನು ಕೂಡಿಸಿ ಫ್ಯಾನನ್ನು ಓಡಿಸುತ್ತದೆ. ಕೆಲವು ಡಿಗ್ರಿ ಇಳಿದ ಮೇಲೆ ಬಿಡಿಸುತ್ತದೆ. ಇದು ಹೆಚ್ಚಾಗಿ ರೇಡಿಯೇಟರಿನ ಪಕ್ಕದಲ್ಲೋ ಕೆಳಗೋ ಇರುತ್ತದೆ.

ಮೂರೂ ಒಂದೇ ಇಂಜನಿನಲ್ಲಿ ಇರುವುದುಂಟು. 1990ರ ದಶಕದ ಹೋಂಡಾ ಸಿವಿಕ್ ಕಾರುಗಳ ಇಂಜನು ಇದಕ್ಕೆ ಒಳ್ಳೆಯ ಉದಾಹರಣೆ: ಮುಳ್ಳಿಗೆ ಒಂದು ವೈರಿನದು, ಕಂಪ್ಯೂಟರಿಗೆ ಎರಡು ವೈರಿನದು, ಫ್ಯಾನಿಗೆ ಇನ್ನೊಂದು. ಅದೇ ಕಾಲದ ಕೆಲವು ಫೋಕ್ಸ್‌ವ್ಯಾಗನ್ ಇಂಜನುಗಳಲ್ಲಿ ಒಂದೇ ಚಿಪ್ಪಿನೊಳಗೆ ಎರಡು ಸೂಚಕಗಳನ್ನು ಕೂಡಿಸಿ ನಾಲ್ಕು ಕಾಲುಗಳನ್ನು ಕೊಟ್ಟಿದ್ದಾರೆ. ಎರಡು ಕಾಲು ಮುಳ್ಳಿಗೆ, ಎರಡು ಕಂಪ್ಯೂಟರಿಗೆ. ಇಂಥದರಲ್ಲಿ ಒಂದು ಭಾಗ ಕೆಟ್ಟು ಇನ್ನೊಂದು ಸರಿಯಾಗಿರುವುದು ಸಾಧ್ಯ.

ಈಚಿನ ಬಹಳ ಗಾಡಿಗಳಲ್ಲಿ ಒಂದೇ ಸೂಚಕವಿದ್ದು, ಅದು ಕಂಪ್ಯೂಟರಿಗೆ ಹೇಳಿದ್ದನ್ನು ಕಂಪ್ಯೂಟರು ಮೀಟರಿಗೂ ಫ್ಯಾನಿಗೂ ಹೇಳುತ್ತದೆ. ಅನೇಕ ಸಣ್ಣ ಕಾರುಗಳಲ್ಲಿ ಮುಳ್ಳನ್ನೇ ತೆಗೆದುಹಾಕಿ, ತಣ್ಣಗಿರುವಾಗ ನೀಲಿ ದೀಪ, ಮಿತಿ ಮೀರಿದಾಗ ಕೆಂಪು ದೀಪ ಇಟ್ಟಿದ್ದಾರೆ. ಮುಳ್ಳಿರುವ ಹೊಸ ಗಾಡಿಗಳಲ್ಲಿಯೂ, ಚಾಲಕನು ಸುಮ್ಮನೆ ಗಾಬರಿಯಾಗದಿರಲೆಂದು, ಶಾಖವು ಹಲವು ಡಿಗ್ರಿ ಏರಿಳಿದರೂ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುವುದುಂಟು. ಅಂಥ ಮುಳ್ಳು ನಡುವನ್ನು ಬಿಟ್ಟು ಮೇಲೆ ಹೊರಟಿತೆಂದರೆ ಇಂಜನು ಆಗಲೇ ಅಪಾಯಕ್ಕೆ ಹತ್ತಿರವಾಗಿದೆಯೆಂದು ತಿಳಿಯಬೇಕು.

3. ಇಂಜನಿನಲ್ಲಿ ಗುರುತಿಸುವ ಕ್ರಮ

ರೇಡಿಯೇಟರಿನ ಮೇಲಿನ ಹೋಸನ್ನು ಹಿಡಿದು ಇಂಜನಿನ ಕಡೆಗೆ ಹೋದರೆ ಹೆಚ್ಚಿನ ಗಾಡಿಗಳಲ್ಲಿ ಥರ್ಮೋಸ್ಟಾಟಿನ ಗೂಡು ಸಿಗುತ್ತದೆ. ಅದರ ಮೇಲಾಗಲಿ, ಪಕ್ಕದ ಸಿಲಿಂಡರ್ ಹೆಡ್ಡಿನ ಮೇಲಾಗಲಿ, ಹಿತ್ತಾಳೆಯ ಆರು ಮೂಲೆಯ ತಲೆಯುಳ್ಳ, ಮೇಲೆ ಪ್ಲಾಸ್ಟಿಕ್ಕಿನ ಕಪ್ಲರು ಕೂಡಿಸಿರುವ ಉಪಕರಣವನ್ನು ಹುಡುಕಬೇಕು. ಕೆಲವು ಗಾಡಿಗಳಲ್ಲಿ ಮರೆಯಿರದೆ, ರಬ್ಬರ್ ಉಂಗುರದೊಡನೆ ಒತ್ತಿ ಒಂದು ಕ್ಲಿಪ್ಪಿನಿಂದ ನಿಲ್ಲಿಸಿರುತ್ತಾರೆ.

ಕಂಡ ಮೇಲೆ ವೈರುಗಳನ್ನು ಎಣಿಸಬೇಕು. ಒಂದಾದರೆ ಮುಳ್ಳಿನದು, ಎರಡಾಗಿದ್ದು ಇಂಜನಿನ ಮೇಲೆಯೇ ಇದ್ದರೆ ಬಹುತೇಕ ಕಂಪ್ಯೂಟರಿನದು, ರೇಡಿಯೇಟರಿನಲ್ಲಿದ್ದು ವೈರುಗಳು ದಪ್ಪವಾಗಿದ್ದರೆ ಫ್ಯಾನಿನದು. ಈ ಲೆಕ್ಕಕ್ಕೆ ಅಪವಾದಗಳಿರುವುದರಿಂದ ಗಾಡಿಯೊಡನೆ ಬಂದ ಪುಸ್ತಕವನ್ನು ನೋಡಿ ಖಚಿತಪಡಿಸಿಕೊಳ್ಳುವುದು ಮೇಲು. ಇಂಜನಿನ ಎಣ್ಣೆಯ ಒತ್ತಡವನ್ನು ತಿಳಿಸುವ ಸ್ವಿಚ್ಚಿಗೂ ಒಂದೇ ವೈರು ಇರುತ್ತದೆ. ಅದು ಆಯಿಲ್ ಫಿಲ್ಟರಿನ ಹತ್ತಿರ, ಇಂಜನಿನ ಬ್ಲಾಕಿನ ಮೇಲಿರುವುದರಿಂದ ಅದನ್ನು ಇದೆಂದು ಭ್ರಮಿಸಿ ಬಿಚ್ಚಕೂಡದು.

4. ಸೂಚಕದ ಒಳಗಿನ ಮರ್ಮ

ಮುಳ್ಳಿನ ಸೂಚಕ, ಕಂಪ್ಯೂಟರಿನ ಸೂಚಕ ಎರಡರ ತುದಿಯಲ್ಲಿಯೂ ಸಾಮಾನ್ಯವಾಗಿ ಥರ್ಮಿಸ್ಟರ್ ಎಂಬ ಒಂದು ಗುಂಡು ಇರುತ್ತದೆ. ತಣ್ಣಗಿರುವಾಗ ಇದು ವಿದ್ಯುತ್ತಿಗೆ ಹೆಚ್ಚು ತಡೆ ಒಡ್ಡುತ್ತದೆ. ಬಿಸಿಯಾದಂತೆಲ್ಲ ತಡೆ ಕಡಿಮೆಯಾಗುತ್ತದೆ. ಈ ತಡೆಯನ್ನು ಓಮ್ ಎಂಬ ಮಾನದಲ್ಲಿ ಅಳೆಯುವರು. ಬಹಳ ಗಾಡಿಗಳಲ್ಲಿ ಬಳಕೆಯಲ್ಲಿರುವ ಬಾಷ್ ಮಾದರಿಯ ಕಂಪ್ಯೂಟರ್ ಸೂಚಕದ ಅಂಕಿಗಳು ಸುಮಾರಾಗಿ ಹೀಗಿವೆ:

20 ಡಿಗ್ರಿಯಲ್ಲಿ 2,500 ಓಮ್
40 ಡಿಗ್ರಿಯಲ್ಲಿ 1,200 ಓಮ್
60 ಡಿಗ್ರಿಯಲ್ಲಿ 600 ಓಮ್
80 ಡಿಗ್ರಿಯಲ್ಲಿ 320 ಓಮ್
100 ಡಿಗ್ರಿಯಲ್ಲಿ 190 ಓಮ್

ಬೇರೆ ತಯಾರಕರ ಸೂಚಕಗಳ ಅಂಕಿ ಬೇರೆ ಇರುವುದರಿಂದ ಆಯಾ ಗಾಡಿಯ ಪುಸ್ತಕದ ಅಂಕಿಯೇ ಪ್ರಮಾಣ. ಆದರೂ 20 ಡಿಗ್ರಿಯಿಂದ 80 ಡಿಗ್ರಿಗೆ ಬರುವಷ್ಟರಲ್ಲಿ ತಡೆಯು ಹಲವು ಮಡಿ ಇಳಿಯಬೇಕೆಂಬುದು, ಇಳಿತವು ನಡುವೆ ತಪ್ಪದೆ ಸಮವಾಗಿ ಸಾಗಬೇಕೆಂಬುದು ಈ ಜಾತಿಯ ಎಲ್ಲ ಸೂಚಕಗಳಿಗೂ ಸಾಮಾನ್ಯ.

ಕಂಪ್ಯೂಟರು ಈ ಸೂಚಕಕ್ಕೆ 5 ವೋಲ್ಟ್ ವಿದ್ಯುತ್ತನ್ನು ಒಂದು ತಡೆಯ ಮೂಲಕ ಕಳುಹಿಸಿ, ಅದು ಎಷ್ಟಕ್ಕೆ ಇಳಿಯಿತೆಂಬುದರಿಂದ ಶಾಖವನ್ನು ಲೆಕ್ಕಹಾಕುತ್ತದೆ. ವೈರು ತುಂಡಾದರೆ ವೋಲ್ಟೇಜು ಇಳಿಯುವುದೇ ಇಲ್ಲ. ಕಂಪ್ಯೂಟರು ಇಂಜನಿನ ಶಾಖ ಸೊನ್ನೆಗಿಂತ 40 ಡಿಗ್ರಿ ಕೆಳಗಿದೆಯೆಂದು ಎಣಿಸುತ್ತದೆ. ಎರಡು ವೈರುಗಳು ಒಂದಕ್ಕೊಂದು ತಾಗಿದರೆ ವೋಲ್ಟೇಜು ಸೊನ್ನೆಯಾಗಿ, ಇಂಜನು 130 ಡಿಗ್ರಿಯನ್ನೂ ಮೀರಿದೆಯೆಂದು ಎಣಿಸುತ್ತದೆ. ನಮ್ಮ ಸೀಮೆಯಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ ಎಲ್ಲಿಯೂ ಇಲ್ಲವಾದುದರಿಂದ, ಆ ಅಂಕಿ ಕಂಡಕೂಡಲೇ ವೈರಿನ ಅಥವಾ ಕಪ್ಲರಿನ ದೋಷವೆಂದು ಸಂದೇಹಪಡಬಹುದು.

5. ಕೆಟ್ಟಾಗ ಕಾಣುವ ಚಿಹ್ನೆಗಳು

ಕಂಪ್ಯೂಟರಿನ ಸೂಚಕವು ಇಂಜನು ಬಿಸಿಯಾಗಿದ್ದರೂ ತಣ್ಣಗಿದೆಯೆಂದು ಹೇಳಿದರೆ, ಕಂಪ್ಯೂಟರು ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲನ್ನು ಕೊಡುತ್ತದೆ. ಆಗ ಹೊಗೆ ಕಪ್ಪಾಗುವುದು, ಹೊಗೆಯಲ್ಲಿ ಪೆಟ್ರೋಲಿನ ವಾಸನೆ ಬರುವುದು, ಲೀಟರಿಗೆ ಓಡುವ ದೂರ ಕಡಿಮೆಯಾಗುವುದು, ಬಿಸಿ ಇಂಜನನ್ನು ನಿಲ್ಲಿಸಿ ಮತ್ತೆ ಚಾಲು ಮಾಡುವಾಗ ಕಷ್ಟವಾಗುವುದು. ಇಂಜನು ತಣ್ಣಗಿರುವಾಗಲೇ ಬಿಸಿಯಾಗಿದೆಯೆಂದು ಹೇಳಿದರೆ, ಬೆಳಗಿನ ಚಳಿಯಲ್ಲಿ ಇಂಜನು ಹೊತ್ತಿಕೊಳ್ಳಲು ಹಟ ಮಾಡುವುದು, ಹೊತ್ತಿದರೂ ನಡುಗಿ ಆರುವುದು. ಸೂಚಕದ ಸುದ್ದಿಯೇ ನಿಂತುಹೋದರೆ, ಬಹಳ ಗಾಡಿಗಳಲ್ಲಿ ಕಂಪ್ಯೂಟರು ಅಪಾಯವಾಗದಿರಲೆಂದು ಫ್ಯಾನನ್ನು ಬಿಡದೆ ಓಡಿಸುತ್ತದೆ. ಬೆಳಗ್ಗೆ ಕೀಲಿ ತಿರುಗಿಸಿದ ಕೂಡಲೇ ಫ್ಯಾನು ಭರದಿಂದ ತಿರುಗಿದರೆ ಈ ದೋಷವನ್ನು ಮೊದಲು ನೆನೆಯಬೇಕು.

ಮುಳ್ಳಿನ ಸೂಚಕ ಕೆಟ್ಟರೆ ಇಂಜನಿನ ನಡೆಯಲ್ಲಿ ವ್ಯತ್ಯಾಸವಿರದು. ಮುಳ್ಳು ಮಾತ್ರ ಏಳದೆ ಮಲಗಿರುವುದು, ಅಥವಾ ಕೆಂಪಿಗೆ ಹೋಗಿ ನಿಲ್ಲುವುದು. ಫ್ಯಾನ್ ಸ್ವಿಚ್ಚು ಕೆಟ್ಟರೆ, ರಸ್ತೆಯಲ್ಲಿ ವೇಗವಾಗಿ ಓಡುವಾಗ ಮುಳ್ಳು ಸರಿಯಾಗಿದ್ದು, ಸಂತೆಯ ಜನಸಂದಣಿಯಲ್ಲಿ ನಿಂತಾಗ ಮೇಲೇರುವುದು. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಫ್ಯಾನು ಬೇಕಾಗುತ್ತದೆಂಬುದೇ ಇದಕ್ಕೆ ಕಾರಣ.

6. ಸೂಚಕವನ್ನು ದೂರುವ ಮೊದಲು

ಸೂಚಕವನ್ನು ಸಂದೇಹಿಸುವ ಮುಂಚೆ ಇಂಜನನ್ನೇ ಸಂದೇಹಿಸುವುದು ವಿವೇಕ. ಮುಳ್ಳು ಮೇಲೇರಿದರೆ ಅದು ನಿಜವೆಂದೇ ತಿಳಿದು, ನಿಲ್ಲಿಸಿ, ಇಂಜನು ತಣಿದ ಮೇಲೆ ಕೆಳಗಿನವುಗಳನ್ನು ಕ್ರಮವಾಗಿ ನೋಡಬೇಕು.

ಕೂಲೆಂಟು ಗುರುತಿನವರೆಗೆ ಇದೆಯೇ? ಹೋಸುಗಳಲ್ಲಿ ಸೀಳು, ಕ್ಲಿಪ್ಪುಗಳ ಬಳಿ ಬಿಳಿಯ ಅಥವಾ ಹಸಿರಿನ ಕಲೆ ಉಂಟೇ? ವಾಟರ್ ಪಂಪಿನ ಬೆಲ್ಟು ಸಡಿಲವಾಗಿದೆಯೇ? ರೇಡಿಯೇಟರಿನ ಜಾಲದಲ್ಲಿ ಹೊಟ್ಟು, ದೂಳು, ಕೀಟ ತುಂಬಿದೆಯೇ? ಒಕ್ಕಣೆಯ ಕಾಲದಲ್ಲಿ ಟ್ರಾಕ್ಟರುಗಳು ಬಿಸಿಯಾಗಲು ಇದೇ ದೊಡ್ಡ ಕಾರಣ. ಎಣ್ಣೆಯ ಅಳತೆಯ ಕಡ್ಡಿಯಲ್ಲಿ ಹಾಲಿನ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ಟು ಒಡೆದು ನೀರು ಎಣ್ಣೆಗೆ ಸೇರಿದೆಯೆಂದು ಸಂದೇಹಪಟ್ಟು, ಇಂಜನನ್ನು ಮತ್ತೆ ಚಾಲು ಮಾಡದೆ ಮೆಕ್ಯಾನಿಕ್ಕನಿಗೆ ತೋರಿಸಬೇಕು.

ಇದಕ್ಕೆ ವಿರುದ್ಧವಾಗಿ ಮುಳ್ಳು ಎಷ್ಟು ದೂರ ಓಡಿಸಿದರೂ ಕೆಳಗೇ ಇದ್ದರೆ, ಥರ್ಮೋಸ್ಟಾಟು ತೆರೆದೇ ಉಳಿದಿರಬಹುದು. ತಣ್ಣಗಿನ ಇಂಜನನ್ನು ಚಾಲು ಮಾಡಿ ಮೇಲಿನ ಹೋಸನ್ನು ಮುಟ್ಟಿ ನೋಡಿದರೆ, ಸರಿಯಾದ ಥರ್ಮೋಸ್ಟಾಟಿದ್ದಲ್ಲಿ ಅದು ಬಹಳ ಹೊತ್ತು ತಣ್ಣಗಿದ್ದು ಅನಂತರ ಒಮ್ಮೆಗೇ ಬಿಸಿಯಾಗುವುದು. ತೆರೆದುಕೊಂಡಿದ್ದಲ್ಲಿ ಮೊದಲಿನಿಂದಲೂ ಮೆಲ್ಲಮೆಲ್ಲನೆ ಬೆಚ್ಚಗಾಗುತ್ತ ಹೋಗುವುದು. ಹೀಗೆ ಮುಟ್ಟುವಾಗ ಫ್ಯಾನಿನಿಂದ ಕೈಯನ್ನೂ ಬಟ್ಟೆಯನ್ನೂ ದೂರವಿಡಬೇಕು.

7. ಪರೀಕ್ಷೆಯ ಕ್ರಮ

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಸೂಚಕದ ಪರೀಕ್ಷೆಗೆ ತೊಡಗಬೇಕು. ಇದಕ್ಕೆ ಬೇಕಾದವು ಒಂದು ಮಲ್ಟಿಮೀಟರು, 110 ಡಿಗ್ರಿಯವರೆಗೆ ತೋರಿಸುವ ಒಂದು ಉಷ್ಣಮಾಪಕ, ಒಂದು ಪಾತ್ರೆ ನೀರು ಮತ್ತು ಒಲೆ. ಜ್ವರ ನೋಡುವ ಕಡ್ಡಿಯನ್ನು ಬಳಸಕೂಡದು. ಅದು 42 ಡಿಗ್ರಿಯ ಆಚೆಗೆ ಒಡೆದುಹೋಗುತ್ತದೆ.

ಮೊದಲ ಪರೀಕ್ಷೆ ಕಪ್ಲರಿನದು. ಕಪ್ಲರನ್ನು ಬಿಚ್ಚಿ ಒಳಗೆ ಹಸಿರು ಕಿಲುಬು, ನೀರು, ಬಗ್ಗಿದ ಕಾಲು ಉಂಟೇ ಎಂದು ನೋಡಬೇಕು. ಇಲಿಗಳು ವೈರು ಕಡಿಯುವುದು ಹಳ್ಳಿಯ ಗಾಡಿಗಳಲ್ಲಿ ಅಪರೂಪವಲ್ಲ. ಅನೇಕ ವೇಳೆ ದೋಷವು ಇಲ್ಲಿಯೇ ಸಿಕ್ಕಿ, ಖರ್ಚಿಲ್ಲದೆ ಸರಿಯಾಗುತ್ತದೆ.

ಎರಡನೆಯ ಪರೀಕ್ಷೆ ಬೆಳಗಿನದು. ಗಾಡಿಯು ರಾತ್ರಿಯೆಲ್ಲ ನಿಂತಿದ್ದಾಗ, ಚಾಲು ಮಾಡುವ ಮೊದಲು, ಕೀಲಿಯನ್ನು ಮಾತ್ರ ತಿರುಗಿಸಿ ಸ್ಕ್ಯಾನರಿನಲ್ಲಿ ನೀರಿನ ಶಾಖವನ್ನೂ ಇಂಜನಿಗೆ ಸೇರುವ ಗಾಳಿಯ ಶಾಖವನ್ನೂ ನೋಡಬೇಕು. ರಾತ್ರಿ ಕಳೆದ ಮೇಲೆ ಎರಡೂ ಹೊರಗಿನ ಗಾಳಿಗೆ ಸಮವಾಗಿರಬೇಕು; ಕೆಲವು ಡಿಗ್ರಿಗಿಂತ ಹೆಚ್ಚಿನ ಅಂತರವಿದ್ದರೆ ಒಂದು ಸೂಚಕ ಸುಳ್ಳು ಹೇಳುತ್ತಿದೆ. ಭಾರತ್ ಸ್ಟೇಜ್ 6 ನಿಯಮವು ಜಾರಿಗೆ ಬಂದ 2020ರ ಏಪ್ರಿಲ್ 1ರಿಂದ ಈಚಿನ ಕಾರುಗಳಲ್ಲಿಯೂ, ಅದಕ್ಕೆ ಹಲವು ವರ್ಷ ಮೊದಲಿನ ಬಹಳ ಕಾರುಗಳಲ್ಲಿಯೂ ಸ್ಕ್ಯಾನರನ್ನು ಕೂಡಿಸುವ ಗೂಡು ಸ್ಟಿಯರಿಂಗಿನ ಕೆಳಗೆ ಇರುತ್ತದೆ. ಮೊಬೈಲ್ ಫೋನಿನೊಡನೆ ಕೆಲಸ ಮಾಡುವ ಅಗ್ಗದ ಸ್ಕ್ಯಾನರುಗಳೂ ಇದಕ್ಕೆ ಸಾಕು. 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರಾಕ್ಟರುಗಳಿಗೆ 2023ರ ಜನವರಿ 1ರಿಂದ ಹೊಗೆಯ ಹೊಸ ನಿಯಮ ಬಂದ ಮೇಲೆ ಅವುಗಳಲ್ಲಿಯೂ ಕಂಪ್ಯೂಟರಿನ ಆಳ್ವಿಕೆ ಹೆಚ್ಚಿದೆ. ಅವುಗಳಿಗೆ ಕಂಪನಿಯ ಸ್ಕ್ಯಾನರು ಬೇಕಾಗಬಹುದು.

ಸ್ಕ್ಯಾನರು ಸಂಕೇತಗಳನ್ನೂ ತೋರಿಸುತ್ತದೆ. ಪಿ 0117 ಎಂದರೆ ವೋಲ್ಟೇಜು ತೀರ ಕಡಿಮೆ, ವೈರುಗಳು ತಾಗಿರಬಹುದು. ಪಿ 0118 ಎಂದರೆ ವೋಲ್ಟೇಜು ತೀರ ಹೆಚ್ಚು, ವೈರು ತುಂಡಾಗಿರಬಹುದು. ಪಿ 0128 ಎಂದರೆ ಇಂಜನು ತಕ್ಕಷ್ಟು ಬಿಸಿಯಾಗುತ್ತಿಲ್ಲ. ಇದಕ್ಕೆ ಹೆಚ್ಚಾಗಿ ಥರ್ಮೋಸ್ಟಾಟು ಕಾರಣವೇ ಹೊರತು ಸೂಚಕವಲ್ಲ. ಸಂಕೇತವು ದೋಷವಿರುವ ದಾರಿಯನ್ನು ತೋರಿಸುತ್ತದೆಯೇ ವಿನಾ ಕೊಳ್ಳಬೇಕಾದ ಸಾಮಾನನ್ನಲ್ಲ.

ಮೂರನೆಯ ಪರೀಕ್ಷೆ ವೈರಿನದು. ಎರಡು ವೈರಿನ ಸೂಚಕದ ಕಪ್ಲರನ್ನು ಬಿಚ್ಚಿ, ಕೀಲಿ ತಿರುಗಿಸಿ, ಕಪ್ಲರಿನ ಎರಡು ಕಾಲುಗಳ ನಡುವೆ ವೋಲ್ಟೇಜನ್ನು ನೋಡಿದರೆ ಸುಮಾರು 5 ವೋಲ್ಟ್ ಕಾಣಬೇಕು. ಸ್ಕ್ಯಾನರಿನಲ್ಲಿ ಆಗ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ಬರಬೇಕು. ಆ ಎರಡು ಕಾಲುಗಳನ್ನು ಸಣ್ಣ ವೈರಿನಿಂದ ಕೂಡಿಸಿದರೆ 130ಕ್ಕೆ ಮೇಲೆ ಏರಬೇಕು. ಹೀಗಾದರೆ ವೈರೂ ಕಂಪ್ಯೂಟರೂ ಸರಿಯಾಗಿದ್ದು, ದೋಷ ಸೂಚಕದಲ್ಲಿದೆ. ಹೀಗಾಗದಿದ್ದರೆ ಹೊಸ ಸೂಚಕ ಕೊಂಡರೂ ಫಲವಿಲ್ಲ. ಕೆಲವು ಗಾಡಿಗಳ ಕಂಪ್ಯೂಟರು ದೋಷ ಕಂಡೊಡನೆ ತಾನೇ ಒಂದು ಬದಲಿ ಅಂಕಿಯನ್ನು ತೋರಿಸುವುದುಂಟು; ಅಲ್ಲಿ ಮಲ್ಟಿಮೀಟರನ್ನೇ ನಂಬಬೇಕು.

ಒಂದು ವೈರಿನ ಮುಳ್ಳಿನ ಸೂಚಕಕ್ಕಾದರೆ, ವೈರನ್ನು ಬಿಚ್ಚಿದಾಗ ಮುಳ್ಳು ತಣ್ಣನೆಯ ಕಡೆಗೆ ಮಲಗಬೇಕು. ಆ ವೈರನ್ನು ಕ್ಷಣಮಾತ್ರ ಇಂಜನಿನ ಮೈಗೆ ತಾಗಿಸಿದರೆ ಮುಳ್ಳು ಬಿಸಿಯ ಕಡೆಗೆ ಏಳಬೇಕು. ಹೆಚ್ಚಿನ ಹಳೆಯ ಗಾಡಿಗಳಲ್ಲಿ ಹೀಗಾಗುತ್ತದೆ. ಹೆಚ್ಚು ಹೊತ್ತು ತಾಗಿಸಿದರೆ ಮೀಟರು ಕೆಡಬಹುದು. ಮುಳ್ಳು ಎರಡು ಕಡೆಗೂ ಆಡಿದರೆ ಮೀಟರೂ ವೈರೂ ಸರಿ; ಸಂದೇಹ ಸೂಚಕದ ಮೇಲೆ.

ನಾಲ್ಕನೆಯದು ಬಿಸಿನೀರಿನ ಪರೀಕ್ಷೆ. ತಣಿದ ಇಂಜನಿನಿಂದ ಸೂಚಕವನ್ನು ಬಿಚ್ಚಿ, ಅದರ ಲೋಹದ ತುದಿ ಮಾತ್ರ ಮುಳುಗುವಂತೆ ನೀರಿನಲ್ಲಿ ಹಿಡಿದು, ಪಕ್ಕದಲ್ಲಿ ಉಷ್ಣಮಾಪಕವನ್ನಿಟ್ಟು, ಮೆಲ್ಲನೆ ಕಾಯಿಸುತ್ತ ಪ್ರತಿ 20 ಡಿಗ್ರಿಗೊಮ್ಮೆ ಓಮ್ ಅಂಕಿಯನ್ನು ಬರೆದುಕೊಳ್ಳಬೇಕು. ಎರಡು ವೈರಿನದಾದರೆ ಎರಡು ಕಾಲುಗಳ ನಡುವೆ, ಒಂದು ವೈರಿನದಾದರೆ ಕಾಲಿಗೂ ಹಿತ್ತಾಳೆಯ ಮೈಗೂ ನಡುವೆ ಅಳೆಯಬೇಕು. ಅಂಕಿಯು ಇಳಿಯದೆ ನಿಂತರೆ, ನಡುವೆ ಹಾರಿದರೆ, ಪುಸ್ತಕದ ಅಂಕಿಗೆ ಬಹು ದೂರವಿದ್ದರೆ ಸೂಚಕವನ್ನು ತೆಗೆದುಹಾಕತಕ್ಕದ್ದು.

ಇಲ್ಲಿ ನಮ್ಮ ನಾಡಿನವರು ಗಮನಿಸಬೇಕಾದ ಒಂದು ಅಂಶವುಂಟು. ಕುದಿಯುವ ನೀರೆಂದರೆ 100 ಡಿಗ್ರಿಯೆಂದು ಪುಸ್ತಕಗಳು ಹೇಳುವುದು ಸಮುದ್ರದ ಮಟ್ಟಕ್ಕೆ. ಮಂಗಳೂರಿನಲ್ಲಿ ಅದು ಸರಿ. ಬೆಂಗಳೂರು ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಉಷ್ಣಮಾಪಕವಿಲ್ಲದೆ ಬರಿಯ ಕುದಿಯನ್ನೇ 100 ಎಂದು ಹಿಡಿದು ಒಳ್ಳೆಯ ಸೂಚಕವನ್ನು ಕೆಟ್ಟದ್ದೆನ್ನಕೂಡದು. ಮುಚ್ಚಳ ಸಡಿಲವಾದ ರೇಡಿಯೇಟರು ಮಲೆನಾಡಿನ ಘಟ್ಟದ ಮೇಲೆ ಬೇಗ ಕುದಿಯುವುದಕ್ಕೂ ಇದೇ ಕಾರಣಗಳಲ್ಲೊಂದು.

8. ಹೊಸದನ್ನು ಹಾಕುವ ಕ್ರಮ

ಹೊಸ ಸೂಚಕವನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ದು, ಮರೆ, ಕಾಲುಗಳ ಸಂಖ್ಯೆ, ಮೇಲೆ ಕೆತ್ತಿದ ಸಂಖ್ಯೆ ಮೂರನ್ನೂ ಹೋಲಿಸಬೇಕು. ನೋಡಲು ಒಂದೇ ಆಗಿದ್ದು ಓಮ್ ಅಂಕಿ ಬೇರೆ ಇರುವ ಸೂಚಕಗಳು ಮಾರುಕಟ್ಟೆಯಲ್ಲಿ ಇವೆ. ಅವು ಸುಳ್ಳು ಹೇಳುವುವು. ಇಂಜನಿನ ಹೆಡ್ಡು ಸಾಮಾನ್ಯವಾಗಿ ಅಲ್ಯುಮಿನಿಯಮ್ಮಿನದಾದುದರಿಂದ ಬಲವಾಗಿ ಬಿಗಿದರೆ ಮರೆ ಕಿತ್ತುಹೋಗುತ್ತದೆ. ವಾಷರು ಅಥವಾ ರಬ್ಬರ್ ಉಂಗುರವನ್ನು ಹೊಸದಾಗಿ ಹಾಕಬೇಕು. ಒಂದು ವೈರಿನ ಸೂಚಕದ ಮರೆಗೆ ಟೇಪನ್ನು ದಪ್ಪವಾಗಿ ಸುತ್ತಿದರೆ ವಿದ್ಯುತ್ತಿಗೆ ದಾರಿಯಿಲ್ಲದೆ ಹೊಸ ಸೂಚಕವೇ ಕೆಟ್ಟಂತೆ ಕಾಣುವುದು.

ಕೂಲೆಂಟನ್ನು ಮತ್ತೆ ತುಂಬಿಸಿದ ಮೇಲೆ ಒಳಗಿನ ಗಾಳಿಯನ್ನು ಹೊರಗೆ ಬಿಡುವುದು ಮುಖ್ಯ. ಗಾಳಿಯ ಗುಳ್ಳೆ ಸೂಚಕದ ತುದಿಯಲ್ಲಿ ನಿಂತರೆ ಹೊಸ ಸೂಚಕವೂ ತಪ್ಪು ಹೇಳುವುದು. ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ತುಂಬಿಸುವ ರೂಢಿಯನ್ನು ಬಿಡಬೇಕು. ಹಂಡೆಯ ಒಳಗೆ ಕಟ್ಟುವ ಬಿಳಿಯ ಸುಣ್ಣದ ಪದರವೇ ಇಂಜನಿನೊಳಗೂ ಸೂಚಕದ ತುದಿಯಲ್ಲೂ ಕಟ್ಟಿಕೊಂಡು, ಇಂಜನನ್ನು ತಣಿಯಗೊಡದೆ, ಸೂಚಕಕ್ಕೂ ಶಾಖ ತಾಗಗೊಡದೆ ಎರಡು ಬಗೆಯ ಕೇಡನ್ನು ಮಾಡುತ್ತದೆ. ತಯಾರಕರು ಹೇಳಿದ ಕೂಲೆಂಟನ್ನು, ಬೆರೆಸಬೇಕಾದರೆ ಬ್ಯಾಟರಿಗೆ ಹಾಕುವಂಥ ಶುದ್ಧ ನೀರಿನೊಡನೆ ಬೆರೆಸಿ ತುಂಬಿಸಬೇಕು.

9. ಇಳಿಯುವ ಮುಳ್ಳಿನ ಮೋಸ

ಈಗ ಆ ಪಿಕಪ್ ಗಾಡಿಯ ವಿಷಯಕ್ಕೆ ಬರೋಣ. ಅದರ ಮುಳ್ಳು ಏಕೆ ಇಳಿಯಿತು? ಸೂಚಕದ ತುದಿಯು ನೀರಿನಲ್ಲಿ ಮುಳುಗಿರುವವರೆಗೆ ಮಾತ್ರ ನೀರಿನ ಶಾಖ ಅದಕ್ಕೆ ಸರಿಯಾಗಿ ತಾಗುತ್ತದೆ. ಹೋಸು ಸೀಳಿ ನೀರೆಲ್ಲ ಹೊರಗೆ ಹೋದಾಗ ಸೂಚಕವು ಬರಿಯ ಗಾಳಿಯಲ್ಲೋ ಆವಿಯಲ್ಲೋ ತೂಗಿತು. ಗಾಳಿಯು ಶಾಖವನ್ನು ನೀರಿನಂತೆ ಒಯ್ಯಲಾರದು. ಸುತ್ತಲಿನ ಲೋಹವು ಉರಿಯುತ್ತಿದ್ದರೂ ಸೂಚಕದ ತುದಿ ತಣ್ಣಗಾಯಿತು, ಮುಳ್ಳು ಇಳಿಯಿತು.

ಆದುದರಿಂದ ಮೇಲೇರಿದ ಮುಳ್ಳು, ಗಾಡಿಯು ಓಡುತ್ತಿರುವಂತೆಯೇ, ಕಾರಣವಿಲ್ಲದೆ ಒಮ್ಮೆಗೇ ಇಳಿದರೆ ಅದನ್ನು ಶುಭವೆಂದು ಎಣಿಸದೆ, ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಇಂಜನನ್ನು ಆರಿಸಬೇಕು. ಕ್ಯಾಬಿನ್ನಿನಲ್ಲಿ ಹೀಟರಿರುವ ಗಾಡಿಗಳಲ್ಲಿ ಇನ್ನೊಂದು ಗುರುತುಂಟು. ಮುಳ್ಳು ಮೇಲಿದ್ದಾಗ ಹೀಟರನ್ನು ಪೂರ್ತಿ ತೆರೆದರೆ ಬಿಸಿಗಾಳಿ ಬರಬೇಕು. ಬಂದರೆ ಅದು ಇಂಜನಿನ ಶಾಖವನ್ನು ಸ್ವಲ್ಪ ಹೊರಗೆ ಹಾಕಿ, ನಿಲ್ಲಿಸುವ ಜಾಗದವರೆಗೆ ಸಹಾಯವಾಗುವುದು. ತಣ್ಣನೆಯ ಗಾಳಿ ಬಂದರೆ ನೀರು ಹೋಗಿದೆ ಅಥವಾ ಪಂಪು ನಿಂತಿದೆಯೆಂದು ತಿಳಿದು ಒಂದು ಮಾರು ದೂರವೂ ಓಡಿಸಕೂಡದು. ಉರಿಯುವ ಇಂಜನಿಗೆ ತಣ್ಣೀರನ್ನು ಸುರಿದರೆ ಲೋಹ ಬಿರಿಯುತ್ತದೆ. ತಣಿಯುವವರೆಗೆ ಕಾಯುವುದೇ ಮದ್ದು.

10. ಮುಖಂಡರಿಗೂ ಜಮೀನುದಾರರಿಗೂ ವಿಜ್ಞಾಪನೆ

ಒಂದು ಊರಿನ ಮುಖಂಡರು ಮನಸ್ಸು ಮಾಡಿದರೆ ಈ ವಿಷಯದಲ್ಲಿ ಆಗಬಹುದಾದ ಉಪಕಾರ ಅಲ್ಪವಲ್ಲ. ಸಹಕಾರ ಸಂಘದಲ್ಲಾಗಲಿ, ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರದಲ್ಲಾಗಲಿ ಒಂದು ಮಲ್ಟಿಮೀಟರು, ಒಂದು ಉಷ್ಣಮಾಪಕ, ಒಂದು ಸ್ಕ್ಯಾನರು ಇಟ್ಟರೆ ಊರಿನ ಗಾಡಿಗಳಿಗೆಲ್ಲ ಸಾಕು. ಇಂಜನು ಕೆಟ್ಟು ಹೆಡ್ಡನ್ನು ಬಿಚ್ಚಿಸುವ ಒಂದೇ ಒಂದು ದುರಸ್ತಿಯ ಖರ್ಚಿನ ಮುಂದೆ ಇವುಗಳ ಬೆಲೆ ಏನೂ ಅಲ್ಲ. ಐ.ಟಿ.ಐ. ಓದಿದ ಹುಡುಗನೊಬ್ಬನು ಊರಿನಲ್ಲಿದ್ದರೆ ಅವನಿಂದ ಮೇಲಿನ ಪರೀಕ್ಷೆಗಳನ್ನು ಚಾಲಕರೆದುರಿಗೆ ಒಮ್ಮೆ ಮಾಡಿಸಿ ತೋರಿಸಬಹುದು.

ಜಮೀನುದಾರರು ತಮ್ಮ ಚಾಲಕರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಡಬೇಕು: ಮುಳ್ಳು ಏರಿತೆಂದು ಗಾಡಿಯನ್ನು ನಿಲ್ಲಿಸಿದವನನ್ನು ತಡವಾಯಿತೆಂದು ಗದರಿಸುವುದಿಲ್ಲ. ಬೈಗುಳಕ್ಕೆ ಹೆದರಿ ಚಾಲಕನು ಓಡಿಸಿದ ಆ ಎರಡು ಮೂರು ಕಿಲೋಮೀಟರುಗಳೇ ಇಂಜನನ್ನು ಕೊಲ್ಲುತ್ತವೆ. ಕೆಂಪು ಮುಳ್ಳನ್ನು ಕಂಡು ನಿಂತ ಗಾಡಿಗೆ ಒಂದು ಗಂಟೆಯ ನಷ್ಟ. ನಿಲ್ಲದ ಗಾಡಿಗೆ ಒಂದು ಸುಗ್ಗಿಯ ನಷ್ಟ.